ಹಗೆಗಳು ಇಟ್ಟ ಹೆಸರು

ಕಳೆದ ದಸರೆಯ ರಜೆಗೆ ನನ್ನ ತಂಗಿಯ ಮಗ ನಮ್ಮ ಮನೆಗೆ ಬಂದಿದ್ದ. ಪಿಯುಸಿ ಓದುವ ಹುಡುಗ. ಚೀಲದಿಂದ ಬಟ್ಟೆಬರೆಗಿಂತ ಮೊದಲು ಲ್ಯಾಪ್‌ಟಾಪನ್ನು ಹೊರತೆಗೆಯುವ ಕಾಲದವನು. ಎರಡನೆಯ ದಿನ ಸಂಜೆ ಕಾಫಿಯ ಲೋಟ ಹಿಡಿದು ಅವನ ಬೆನ್ನ ಹಿಂದೆ ನಿಂತು ನೋಡುತ್ತೇನೆ, ಪರದೆಯ ಮೇಲೆ ನನಗೆ ಗುರುತಿದ್ದ ಊರು! ಬಿಳಿಯ ನಿಲುವಂಗಿ ತೊಟ್ಟು ಮುಸುಕೆಳೆದುಕೊಂಡ ಮನುಷ್ಯನೊಬ್ಬ ಡಮಾಸ್ಕಸ್ ನಗರದ ಎತ್ತರದ ಗೋಪುರವೊಂದನ್ನು ಹಲ್ಲಿಯ ಹಾಗೆ ಹತ್ತುತ್ತಿದ್ದ. ‘ಅಸ್ಯಾಸಿನ್ಸ್ ಕ್ರೀಡ್’ ಎಂಬ ವಿಡಿಯೊ ಆಟ ಅದು. ಆ ಸರಣಿಯಲ್ಲಿ ಮೊದಲನೆಯದು, ೨೦೦೭ರಲ್ಲಿ ಬಂದದ್ದು. ೨೦೦೯ರ ಸುಮಾರಿನಲ್ಲಿ, ಕಾಲೇಜಿಗೆ ಆಗತಾನೆ ಸೇರಿದ್ದ ನಾನು, ನನ್ನ ತಮ್ಮನ ಕಂಪ್ಯೂಟರಿನ ಮುಂದೆ ನಡುರಾತ್ರಿಯವರೆಗೆ ಕುಳಿತು ಈ ಆಟವನ್ನು ಆಡಿದ್ದುಂಟು. ಬೆಳಿಗ್ಗೆ ಗದಾಯುದ್ಧದ ಪಾಠ ಹೇಳುವ ಮೇಷ್ಟ್ರು ಹಿಂದಿನ ರಾತ್ರಿ ಜೆರುಸಲೇಮಿನ ಮಾಳಿಗೆಗಳ ಮೇಲೆ ಓಡಾಡಿ ಬಂದಿದ್ದಾನೆಂಬುದು ಪಾಪ, ವಿದ್ಯಾರ್ಥಿಗಳಿಗೆ ತಿಳಿದಿರಲಿಲ್ಲ.

“ಮಾವ, ಇದು ನಿಮ್ಮ ಕಾಲದ ಆಟ. ಬನ್ನಿ, ಒಂದು ಕೈ ನೋಡಿ,” ಎಂದು ಹುಡುಗ ಕುರ್ಚಿ ಬಿಟ್ಟುಕೊಟ್ಟ. ಅಂದು ಆರಂಭವಾದದ್ದು ರಜೆ ಮುಗಿಯುವವರೆಗೆ ನಡೆಯಿತು. ಆಡುವಾಗ ಬೆರಳುಗಳು ಹಳೆಯ ಅಭ್ಯಾಸವನ್ನು ನೆನಪಿಸಿಕೊಂಡವು. ಆದರೆ ಮನಸ್ಸು ಬೇರೆಯೇ ಪ್ರಶ್ನೆಗಳನ್ನು ಕೇಳತೊಡಗಿತು. ಆ ಪ್ರಶ್ನೆಗಳ ಫಲ ಈ ಬರಹ.

ಆಟವನ್ನು ಅರಿಯದ ಓದುಗರಿಗಾಗಿ ಎರಡು ಮಾತು. ಕೆನಡ ದೇಶದ ಮಾಂಟ್ರಿಯಲ್ ನಗರದಲ್ಲಿರುವ ಯೂಬಿಸಾಫ್ಟ್ ಸಂಸ್ಥೆಯ ಕಾರ್ಯಾಗಾರದಲ್ಲಿ ಇದು ಸಿದ್ಧವಾಯಿತು. ‘ಪ್ರಿನ್ಸ್ ಆಫ್ ಪರ್ಷಿಯಾ’ ಎಂಬ ಹಳೆಯ ಆಟದ ಮುಂದಿನ ಭಾಗವೆಂದು ಮೊದಲಾದ ಕೆಲಸ, ನಡುವೆ ದಾರಿ ಬದಲಿಸಿ ಹೊಸ ಕಥೆಯೇ ಆಯಿತು. ಕಾಲ ೧೧೯೧, ಕ್ರುಸೇಡ್ ಎಂದು ಹೆಸರಾದ ಧರ್ಮಯುದ್ಧಗಳಲ್ಲಿ ಮೂರನೆಯದು ನಡೆಯುತ್ತಿದ್ದ ಸಮಯ. ಒಂದು ಕಡೆ ಇಂಗ್ಲೆಂಡಿನ ದೊರೆ ರಿಚರ್ಡ್, ಇನ್ನೊಂದು ಕಡೆ ಸುಲ್ತಾನ ಸಲಾದಿನ್. ಇವರಿಬ್ಬರ ನಡುವೆ ಸಿರಿಯಾದ ಬೆಟ್ಟದ ಮೇಲೆ ಮಸ್ಯಾಫ್ ಎಂಬ ಕೋಟೆ. ಅಲ್ಲಿ ಗುಪ್ತ ಹಂತಕರ ಒಂದು ಪಂಥ. ಕಥಾನಾಯಕ ಅಲ್ತಾಯಿರ್ ಆ ಪಂಥದವನು. ಅಹಂಕಾರದಿಂದ ತಪ್ಪುಮಾಡಿ ಪದವಿ ಕಳೆದುಕೊಂಡ ಅವನು, ಅಲ್ ಮುಅಲಿಮ್ ಎಂಬ ಗುರುವಿನ ಅಪ್ಪಣೆಯಂತೆ ಒಂಬತ್ತು ಮಂದಿಯನ್ನು ಕೊಂದು ಪದವಿಯನ್ನು ಮರಳಿ ಗಳಿಸಬೇಕು. ಡಮಾಸ್ಕಸ್, ಜೆರುಸಲೇಮ್ ಮತ್ತು ಅರಬ್ಬರು ‘ಅಕ್ಕಾ’ ಎಂದೂ ಇಂಗ್ಲಿಷರು ‘ಏಕರ್’ ಎಂದೂ ಕರೆಯುವ ಕಡಲ ತಡಿಯ ಪಟ್ಟಣ, ಈ ಮೂರು ಅವನ ಬೇಟೆಯ ನೆಲ.

ಆಟದ ಕುಂದುಗಳು ಅಂದೂ ಗೊತ್ತಿದ್ದವು. ಕದ್ದು ಕೇಳು, ಜೇಬು ಹಾರಿಸು, ಗುದ್ದಿ ಬಾಯಿ ಬಿಡಿಸು. ಪ್ರತಿ ಊರಿನಲ್ಲೂ ಅದೇ ಮೂರು ಕೆಲಸ. ಆದರೂ ಜನ ಇದನ್ನು ಮೆಚ್ಚಿದ್ದು ಊರುಗಳಿಗಾಗಿ. ಗೋಪುರದ ತುದಿಗೆ ಹತ್ತಿ ಕುಳಿತರೆ ಕೆಳಗೆ ಇಡೀ ನಗರ ಹರಡಿಕೊಳ್ಳುತ್ತದೆ. ಸಂತೆ, ಮಸೀದಿಯ ಅಂಗಳ, ನೀರಿನ ಕೊಳ, ಇಕ್ಕಟ್ಟಾದ ಗಲ್ಲಿಗಳು, ಕೂಗಿ ವ್ಯಾಪಾರ ಮಾಡುವ ಜನ. ಮುತ್ತಿಗೆಯಲ್ಲಿ ನುಗ್ಗಾದ ಏಕರ್ ಪಟ್ಟಣಕ್ಕೆ ಬೂದು ಬಣ್ಣ, ಡಮಾಸ್ಕಸ್ ನಗರಕ್ಕೆ ಬೇರೆಯದೇ ಬೆಳಕು. ೧೨೯೧ರಲ್ಲಿ ಮಾಮಲೂಕರು ನೆಲಸಮ ಮಾಡಿದ ಆ ಏಕರ್ ಪಟ್ಟಣ ಇಂದು ಕಣ್ಣಿಗೆ ಕಾಣುವುದಿಲ್ಲ. ಈಗಿರುವ ಹಳೆಯ ಊರು ಬಹುಪಾಲು ಹದಿನೆಂಟನೆಯ ಶತಮಾನದಲ್ಲಿ ಅದರ ಅವಶೇಷಗಳ ಮೇಲೆ ಎದ್ದದ್ದು. ಅಂಥ ಊರಿನ ಬೀದಿಯಲ್ಲಿ ನಡೆದಾಡಿದ ಭ್ರಮೆಯನ್ನಾದರೂ ಕೊಡಬಲ್ಲ ಆಟವನ್ನು ಹುಡುಗಾಟವೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಚರಿತ್ರೆಯ ಪಾಠದಲ್ಲಿ ನಾವು ಇಸವಿಗಳನ್ನು ಕಲಿತೆವೇ ಹೊರತು ಬೀದಿಗಳನ್ನು ಕಲಿಯಲಿಲ್ಲ.

ಕಲ್ಲಿನ ವಿಷಯದಲ್ಲಿ ಇಷ್ಟು ಶ್ರದ್ಧೆ ತೋರಿದ ಈ ಆಟ ಮನುಷ್ಯರ ವಿಷಯದಲ್ಲಿ ಏನು ಮಾಡಿದೆ? ಈ ಪ್ರಶ್ನೆಯನ್ನು ಎತ್ತಿದವನು ಹುಡುಗನೇ, ತನಗೆ ತಿಳಿಯದೆಯೆ. ಏಕರ್ ಪಟ್ಟಣದಲ್ಲಿ ಮಾಂಟ್‌ಫೆರಾಟಿನ ವಿಲಿಯಂ ಎಂಬ ಮುದುಕ ನಾಯಕನನ್ನು ಅಲ್ತಾಯಿರ್ ಕೊಲ್ಲಬೇಕು. ಅದಕ್ಕೆ ಮುನ್ನ ಒಂದು ದೃಶ್ಯ ಬರುತ್ತದೆ. ಸೆರೆಸಿಕ್ಕಿದ ಮೂರು ಸಾವಿರ ಮುಸಲ್ಮಾನರನ್ನು ಕೊಲ್ಲಿಸಿದ್ದಕ್ಕಾಗಿ ದೊರೆ ರಿಚರ್ಡ್ ವಿಲಿಯಮನನ್ನು ಎಲ್ಲರೆದುರಿಗೆ ಗದರಿಸುತ್ತಾನೆ.

“ನೋಡಿ ಮಾವ, ರಿಚರ್ಡ್ ಒಳ್ಳೆಯವನು. ಇಂಥ ಮುದುಕನನ್ನು ಕೊಂದರೆ ಪಾಪವೇನೂ ಇಲ್ಲ,” ಎಂದ ಹುಡುಗ.

ನನಗೆ ಸುಮ್ಮನಿರಲಾಗಲಿಲ್ಲ. ೧೧೯೧ರ ಜುಲೈ ೧೨ರಂದು ಏಕರ್ ಪಟ್ಟಣ ಶರಣಾಯಿತು. ಸೆರೆಯಾಳುಗಳ ಬಿಡುಗಡೆಗೆ ಎರಡು ಲಕ್ಷ ದಿನಾರುಗಳ ಒಪ್ಪಂದವೂ ಆಯಿತು. ಹಣ ಬರುವುದು ತಡವಾಯಿತೆಂದು ಆಗಸ್ಟ್ ೨೦ರಂದು ಊರ ಹೊರಗಿನ ಬಯಲಿನಲ್ಲಿ ಸುಮಾರು ೨,೭೦೦ ಮಂದಿಯನ್ನು, ಕೈಕಟ್ಟಿ ನಿಲ್ಲಿಸಿ, ಕತ್ತರಿಸಿಹಾಕಲಾಯಿತು. ಅಪ್ಪಣೆ ಕೊಟ್ಟವನು ರಿಚರ್ಡ್. ಇದು ಹಗೆಗಳು ಹೊರಿಸಿದ ಅಪವಾದವೂ ಅಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ಕ್ಲೇರ್ವೋ ಮಠದ ಅಧಿಪತಿಗೆ ಬರೆದ ಪತ್ರದಲ್ಲಿ ಆತನೇ ೨,೬೦೦ ಮಂದಿಯ ಲೆಕ್ಕವನ್ನು ಕೊಟ್ಟಿದ್ದಾನೆ. ಇನ್ನು ವಿಲಿಯಂ? ೧೧೮೭ರ ಹತ್ತೀನ್ ಕದನದಲ್ಲಿ ಸಲಾದಿನ್ನನ ಕೈಗೆ ಸೆರೆಸಿಕ್ಕಿ, ಮರುವರ್ಷ ಬಿಡುಗಡೆ ಪಡೆದು, ಟೈರ್ ನಗರದಲ್ಲಿ ಕೊನೆಗಾಲ ಕಳೆದ ವೃದ್ಧ. ಅವನನ್ನು ಯಾವ ಹಂತಕನೂ ಕೊಲ್ಲಲಿಲ್ಲ. ದೊರೆಯ ಕೈಯ ರಕ್ತವನ್ನು ಆಟ ಈ ಮುದುಕನ ಕೈಗೆ ಒರೆಸಿಬಿಟ್ಟಿದೆ. ಹೆಸರಾದ ದೊರೆ ಹೀಗೆ ಶುದ್ಧನಾದ. ಹೆಸರು ಮರೆತುಹೋದವನ ತಲೆಯ ಮೇಲೆ ಹೊರೆ ಬಿತ್ತು.

ಹುಡುಗನಿಗೆ ಇದನ್ನು ವಿವರಿಸುವಾಗ ನನ್ನ ದನಿಯಲ್ಲಿ ಮೇಷ್ಟರ ಗತ್ತು ಸ್ವಲ್ಪ ಹೆಚ್ಚಾಗಿಯೇ ಇತ್ತೆಂದು ತೋರುತ್ತದೆ. ಅವನು ನಸುನಕ್ಕು, “ಸರಿ, ಈ ಅಸ್ಯಾಸಿನರಾದರೂ ನಿಜವೋ? ಅವರ ವಿಷಯ ನಿಮಗೆ ಹೇಗೆ ಗೊತ್ತು?” ಎಂದು ಕೇಳಿದ. ಉತ್ತರ ಹೇಳಲು ಹೋಗಿ ನಾನೇ ಇಕ್ಕಟ್ಟಿಗೆ ಸಿಕ್ಕಿಬಿದ್ದೆ.

ಅವರು ನಿಜವಾಗಿ ಇದ್ದವರೇ. ಶಿಯಾ ಮುಸಲ್ಮಾನರಲ್ಲಿ ಇಸ್ಮಾಯಿಲಿಗಳೆಂಬುದು ಒಂದು ಶಾಖೆ. ಕೈರೋದಲ್ಲಿ ಆಳುತ್ತಿದ್ದ ಫಾತಿಮಿ ಖಲೀಫನೊಬ್ಬ ೧೦೯೪ರಲ್ಲಿ ತೀರಿಕೊಂಡಾಗ ಉತ್ತರಾಧಿಕಾರದ ಜಗಳ ಹುಟ್ಟಿ, ಅವನ ಹಿರಿಯ ಮಗ ನಿಜಾರನ ಪಕ್ಷ ಹಿಡಿದವರು ನಿಜಾರಿಗಳೆನಿಸಿದರು. ಪರ್ಷಿಯಾದಲ್ಲಿ ಅವರ ಮುಂದಾಳು ಹಸನ್ ಸಬ್ಬಾಹ್. ಆತ ೧೦೯೦ರಲ್ಲಿಯೇ ಅಲಮೂತ್ ಎಂಬ ಗಿರಿದುರ್ಗವನ್ನು ಹಿಡಿದು, ೧೧೨೪ರಲ್ಲಿ ಸಾಯುವವರೆಗೆ ಅಲ್ಲಿಯೇ ನೆಲೆಸಿದ. ಸುತ್ತಲೂ ಸೆಲ್ಜುಕ್ ತುರ್ಕರ ದೊಡ್ಡ ಸಾಮ್ರಾಜ್ಯ. ಇವರ ಬಳಿ ಚೆದುರಿದ ಕೆಲವು ಕೋಟೆಗಳು, ಒಂದಿಷ್ಟು ಜನ. ಬಯಲಿನಲ್ಲಿ ಸೈನ್ಯ ಕಟ್ಟಿ ಕಾದಲಾರದವರು ಸೈನ್ಯ ನಡೆಸುವ ಒಬ್ಬನನ್ನೇ ಆರಿಸಿ ಕೊಲ್ಲುವ ದಾರಿ ಹಿಡಿದರು. ೧೦೯೨ರಲ್ಲಿ ಸೆಲ್ಜುಕ್ ಮಂತ್ರಿ ನಿಜಾಮುಲ್ ಮುಲ್ಕ್ ಹೀಗೆ ಸತ್ತ. ಕೊಂದವನು ತಪ್ಪಿಸಿಕೊಂಡು ಓಡುವ ಪರಿಪಾಟಿ ಅವರಲ್ಲಿ ಇರಲಿಲ್ಲ. ಆಟದಲ್ಲಿ ಅಲ್ತಾಯಿರ್ ಪ್ರತಿ ಕೊಲೆಯ ನಂತರ ಮಾಳಿಗೆಯಿಂದ ಮಾಳಿಗೆಗೆ ನೆಗೆದು ಪಾರಾಗುತ್ತಾನಲ್ಲ, ನಿಜವಾದ ಫಿದಾಯಿಗಳು ಹೋದಲ್ಲಿಯೇ ಸಾಯಲು ಸಿದ್ಧರಾಗಿ ಹೋಗುತ್ತಿದ್ದರು.

ಸಿರಿಯಾದ ಶಾಖೆಗೆ ಸಿನಾನ್ ಎಂಬವನು ನಾಯಕ. ೧೧೭೬ರಲ್ಲಿ ಸಲಾದಿನ್ ಮಸ್ಯಾಫ್ ಕೋಟೆಗೆ ಮುತ್ತಿಗೆ ಹಾಕಿ, ಕೆಲವೇ ದಿನಗಳಲ್ಲಿ ತೆಗೆದ. ಅದಕ್ಕೆ ಮುಂಚೆ ಸಲಾದಿನ್ನನ ಮೇಲೆಯೇ ಎರಡು ಸಲ ಕೊಲೆಯ ಯತ್ನ ನಡೆದಿತ್ತು. ೧೧೯೨ರ ಏಪ್ರಿಲ್ ೨೮ರಂದು ಟೈರ್ ನಗರದ ಬೀದಿಯಲ್ಲಿ ಇಬ್ಬರು ಹಂತಕರಿಗೆ ಬಲಿಯಾದವನು ಆ ವೃದ್ಧ ವಿಲಿಯಮನ ಮಗ ಕಾನ್ರಾಡ್. ಜೆರುಸಲೇಮ್ ರಾಜ್ಯದ ಸಿಂಹಾಸನಕ್ಕೆ ಆತ ಆಗಷ್ಟೇ ಆಯ್ಕೆಯಾಗಿದ್ದ. ಆಟದವರು ಮಗನ ಸಾವನ್ನು ತಂದೆಗೆ ಕೊಟ್ಟರೇನೋ ಎಂದು ಕಾಣುತ್ತದೆ.

ಇಷ್ಟು ಸರಿ. ಆದರೆ ‘ಅಸ್ಯಾಸಿನ್’ ಎಂಬ ಹೆಸರನ್ನು ಅವರು ತಾವಾಗಿ ಇಟ್ಟುಕೊಂಡದ್ದಲ್ಲ. ‘ಹಶೀಶೀ’ ಎಂಬ ಅರಬ್ಬಿ ಮಾತಿನಿಂದ ಅದು ಬಂದಿತೆಂದು ೧೮೦೯ರಲ್ಲಿ ಪ್ಯಾರಿಸಿನ ವಿದ್ವಾಂಸ ಸಿಲ್ವೆಸ್ತ್ರ್ ದ ಸಾಸಿ ತೋರಿಸಿಕೊಟ್ಟ. ಹಶೀಶ್ ಎಂದರೆ ಭಂಗಿಸೊಪ್ಪು. ಹಶೀಶೀ ಎಂದರೆ ಭಂಗಿಕೋರ. ನಾವು ಸಿಟ್ಟು ಬಂದಾಗ ‘ಕುಡುಕ ನನ್ಮಗ’ ಎನ್ನುವಾಗ ಎದುರಿನವನ ಬಾಯಿ ಮೂಸಿ ನೋಡಿರುವುದಿಲ್ಲ. ಇದೂ ಹಾಗೆಯೆ, ಕೀಳುಜನವೆಂಬ ಅರ್ಥದ ಬೈಗುಳ. ಅವರು ನಿಜವಾಗಿ ಭಂಗಿ ಸೇವಿಸುತ್ತಿದ್ದರೆಂದು ಆ ಕಾಲದ ಮುಸಲ್ಮಾನ ಬರಹಗಾರರು, ಅವರನ್ನು ದ್ವೇಷಿಸುತ್ತಿದ್ದವರೂ ಸೇರಿ, ಹೇಳಿಲ್ಲ. ಬೈಗುಳವನ್ನು ಕೇಳಿಸಿಕೊಂಡ ಯೂರೋಪಿನವರು ಅದಕ್ಕೆ ತಕ್ಕ ಕಥೆ ಕಟ್ಟಿದರು. ಬೆಟ್ಟದ ಮುದುಕನೊಬ್ಬ ತರುಣರಿಗೆ ಮದ್ದು ಕುಡಿಸಿ, ಹೆಂಡದ ಹೊಳೆಯೂ ಹೆಣ್ಣುಗಳೂ ಇರುವ ತೋಟದಲ್ಲಿ ಮಲಗಿಸಿ, ಇದೇ ಸ್ವರ್ಗವೆಂದು ನಂಬಿಸುತ್ತಿದ್ದನೆಂದು ಮಾರ್ಕೊ ಪೋಲೊ ಹೇಳಿದ. ಮಾರ್ಕೊ ಪೋಲೊ ಪೂರ್ವಕ್ಕೆ ಹೊರಟದ್ದು ೧೨೭೧ರಲ್ಲಿ. ಅಲಮೂತ್ ಕೋಟೆ ಬಿದ್ದು ಆಗಲೇ ಹದಿನೈದು ವರ್ಷವಾಗಿತ್ತು. ಹೆಂಡದ ಹೊಳೆಯ ಮಾತು ಹಾಗಿರಲಿ, ಹಸನ್ ಸಬ್ಬಾಹ್ ತನ್ನ ಮಗನೊಬ್ಬನನ್ನು ಹೆಂಡ ಕುಡಿದ ಆರೋಪಕ್ಕಾಗಿಯೇ ಕೊಲ್ಲಿಸಿದನೆಂದು ಅವನ ವಿರೋಧಿ ಚರಿತ್ರಕಾರರೇ ಬರೆದಿಟ್ಟಿದ್ದಾರೆ.

ಆಟದ ಮೊದಲಲ್ಲಿ ಬರುವ ಪ್ರಸಿದ್ಧ ನೆಗೆತವೂ ಇಂಥದೇ ಕಥೆಯಿಂದ ಹುಟ್ಟಿದ್ದು. ೧೧೯೪ರಲ್ಲಿ ಶಾಂಪೇನಿನ ಹೆನ್ರಿ ಎಂಬ ಕ್ರೈಸ್ತ ಪ್ರಭು ಇವರ ಕೋಟೆಗೆ ಅತಿಥಿಯಾಗಿ ಬಂದನಂತೆ. ತನ್ನವರ ವಿಧೇಯತೆಯನ್ನು ತೋರಿಸಲು ನಾಯಕ ಕೈಸನ್ನೆ ಮಾಡಿದೊಡನೆ ಇಬ್ಬರು ಗೋಡೆಯಿಂದ ಧುಮುಕಿ ಸತ್ತರಂತೆ. ಆಟದಲ್ಲಿ ಮೂವರು ಧುಮುಕುತ್ತಾರೆ, ಕೆಳಗೆ ಹುಲ್ಲಿನ ರಾಶಿ ಇರುತ್ತದೆ. ಹಗೆಗಳ ಕಥೆಗೆ ಆಟದವರು ಹುಲ್ಲು ಹಾಸಿದ್ದಾರೆ. ಕಥೆ ಮಾತ್ರ ಹಗೆಗಳದ್ದೇ.

ಹಾಗಾದರೆ ಅವರು ತಮ್ಮ ಬಗ್ಗೆ ತಾವೇ ಏನು ಬರೆದುಕೊಂಡಿದ್ದರು? ಇದಕ್ಕೆ ಉತ್ತರ ಹುಡುಕುತ್ತಿದ್ದಾಗಲೇ ಆಟದಲ್ಲಿ ಏಳನೆಯ ಬೇಟೆ ಬಂದಿತು. ಡಮಾಸ್ಕಸ್ ನಗರದಲ್ಲಿ ಜುಬೈರ್ ಎಂಬ ವಿದ್ವಾಂಸನಿದ್ದಾನೆ. ಜನರನ್ನು ಯುದ್ಧಕ್ಕೆ ದೂಡಿದ್ದು ಪುಸ್ತಕಗಳೇ, ಆದ್ದರಿಂದ ಅವುಗಳನ್ನೆಲ್ಲ ಸುಡಬೇಕೆಂಬುದು ಅವನ ವಾದ. ಮದರಸೆಯ ಅಂಗಳದಲ್ಲಿ ಬೆಂಕಿ ಹೊತ್ತಿಸಿ, ಬೇಡವೆಂದು ಅಡ್ಡ ಬಂದ ಒಬ್ಬ ವಿದ್ವಾಂಸನನ್ನೂ ಅದಕ್ಕೇ ನೂಕಿಬಿಡುತ್ತಾನೆ. ಅಲ್ತಾಯಿರ್ ಅವನನ್ನು ಕೊಂದು ಪುಸ್ತಕಗಳ ಪರವಾಗಿ ನಿಲ್ಲುತ್ತಾನೆ. ೨೦೦೯ರಲ್ಲಿ ಈ ದೃಶ್ಯವನ್ನು ನಾನು ಗುಂಡಿಯೊತ್ತುತ್ತ ದಾಟಿಹೋಗಿದ್ದೆ. ಈ ಸಲ ಆಟವನ್ನು ನಿಲ್ಲಿಸಿ ಕುಳಿತೆ.

ಜುಬೈರ್ ಎಂಬ ಹೆಸರು ಕೇಳಿದೊಡನೆ ಆ ಕಾಲದ ಒಬ್ಬ ನಿಜವಾದ ವಿದ್ವಾಂಸನ ನೆನಪಾಗುತ್ತದೆ. ಸ್ಪೇನಿನ ಮುಸಲ್ಮಾನ ಪ್ರವಾಸಿ ಇಬ್ನ್ ಜುಬೈರ್ ೧೧೮೪ರಲ್ಲಿ ಡಮಾಸ್ಕಸ್ ಮತ್ತು ಏಕರ್ ಪಟ್ಟಣಗಳೆರಡನ್ನೂ ಕಂಡು ವರ್ಣಿಸಿದವನು, ಸುಟ್ಟವನಲ್ಲ, ಬರೆದವನು. ಆದರೆ ಅವನೂ ಸಿನಾನನನ್ನು ಮನುಷ್ಯವೇಷದ ಸೈತಾನನೆಂದೇ ಬರೆದ.

ಸುಟ್ಟವನು ಬೇರೆ. ೧೨೫೬ರಲ್ಲಿ ಚೆಂಗಿಸ್‌ಖಾನನ ಮೊಮ್ಮಗ ಹುಲಗು ಪರ್ಷಿಯಾದ ನಿಜಾರಿ ಕೋಟೆಗಳ ಮೇಲೆ ಬಂದ. ಕೊನೆಯ ಒಡೆಯ ಶರಣಾದ. ವರ್ಷದ ಕೊನೆಯಲ್ಲಿ ಅಲಮೂತ್ ಕೋಟೆಯೂ ಬಾಗಿಲು ತೆರೆಯಿತು. ಅಲ್ಲಿ ದೊಡ್ಡದೊಂದು ಗ್ರಂಥಭಂಡಾರವಿತ್ತು. ಹುಲಗುವಿನ ಜೊತೆಗಿದ್ದ ಜುವೈನಿ ಎಂಬ ಪರ್ಷಿಯನ್ ವಿದ್ವಾಂಸ ಅದನ್ನು ಪರಿಶೀಲಿಸಲು ಅನುಮತಿ ಬೇಡಿದ. ಕುರಾನಿನ ಪ್ರತಿಗಳನ್ನೂ ಮೇಲಾದ ಕೆಲವು ಗ್ರಂಥಗಳನ್ನೂ ಖಗೋಳ ವೀಕ್ಷಣೆಯ ಉಪಕರಣಗಳನ್ನೂ ಹೊರಗಿಟ್ಟು, ಪಾಷಂಡಿಗಳದ್ದೆಂದು ತನಗೆ ತೋರಿದ ಉಳಿದುದೆಲ್ಲವನ್ನೂ ಸುಡಿಸಿದ. ಇದನ್ನು ಯಾರೂ ಅವನ ಮೇಲೆ ಹೊರಿಸಿದ್ದಲ್ಲ. ತನ್ನ ಚರಿತ್ರೆಯಲ್ಲಿ ತಾನೇ, ಒಂದು ಸತ್ಕಾರ್ಯವೆಂಬಂತೆ, ಬರೆದಿದ್ದಾನೆ.

ಸುಡುವ ಮುನ್ನ ಹಸನ್ ಸಬ್ಬಾಹನ ಒಂದು ಜೀವನಚರಿತ್ರೆಯನ್ನು ತೆಗೆದಿಟ್ಟುಕೊಂಡು ತನ್ನ ಗ್ರಂಥಕ್ಕೆ ಬಳಸಿದ. ಮೂಲ ಪುಸ್ತಕ ಮುಂದೆ ಕಳೆದುಹೋಯಿತು. ಹಸನನ ಬಾಳಿನ ಬಗೆಗೆ ಇಂದು ನಮಗೆ ತಿಳಿದಿರುವುದರಲ್ಲಿ ದೊಡ್ಡ ಪಾಲು ಈ ಜುವೈನಿಯ ಮೂಲಕ ಬಂದದ್ದು. ಆಟದ ಜುಬೈರ್ ಬೆಂಕಿಯ ಮಗ್ಗುಲಲ್ಲೇ ಕತ್ತಿಗೆ ಸಿಕ್ಕಿ ಸತ್ತ. ಜುವೈನಿ ಮುಂದೆ ಬಾಗ್ದಾದಿನ ಆಡಳಿತಾಧಿಕಾರಿಯಾದ, ಮಾನ್ಯ ಚರಿತ್ರಕಾರನೆನಿಸಿದ. ಇಂದಿನ ಸಂಶೋಧಕರು ಅವನಿಗೆ ಋಣಿಗಳಾಗಿಯೇ ಕೆಲಸ ಮಾಡಬೇಕಾಗಿದೆ. ನಮ್ಮ ಚಾರ್ವಾಕರ ಮಾತನ್ನೂ ಬಹುಮಟ್ಟಿಗೆ ಅವರನ್ನು ಖಂಡಿಸಿದವರ ಪುಸ್ತಕಗಳಿಂದಲೇ ಹೆಕ್ಕಬೇಕು. ಆದರೆ ಸುಟ್ಟವನ ಕೈಯಿಂದಲೇ ಸುಟ್ಟುದರ ಸಾರವನ್ನು ಪಡೆಯುವ ಸಂಕಟ ಇನ್ನೂ ಬೇರೆ ಬಗೆಯದು.

ಆ ಕೋಟೆಗಳಲ್ಲಿ ಕತ್ತಿ ಮಸೆಯುವುದೊಂದೇ ಉದ್ಯೋಗವಾಗಿರಲಿಲ್ಲವೆಂಬುದಕ್ಕೆ ಒಂದು ಸಾಕ್ಷಿಯನ್ನು ಹೇಳಬೇಕು. ಮಹಾಗಣಿತಜ್ಞ ನಸೀರುದ್ದೀನ್ ತೂಸಿ ಬಹುಕಾಲ ನಿಜಾರಿಗಳ ಆಶ್ರಯದಲ್ಲಿದ್ದವನು. ನೀತಿಶಾಸ್ತ್ರದ ಮೇಲೆ ಅವನು ಬರೆದ ‘ಅಖ್ಲಾಕೆ ನಾಸಿರಿ’ ಅವರ ಪ್ರಾಂತಾಧಿಕಾರಿಯೊಬ್ಬನಿಗಾಗಿ ಹುಟ್ಟಿದ ಗ್ರಂಥ. ನಮ್ಮ ಅಕ್ಬರ್ ಬಾದಷಹ ಓದಿಸಿ ಕೇಳುತ್ತಿದ್ದ ಪುಸ್ತಕಗಳಲ್ಲಿ ಅದೂ ಒಂದು. ಕೋಟೆಗಳು ಬಿದ್ದ ಮೇಲೆ ತೂಸಿ ಹುಲಗುವಿನ ಕಡೆಗೆ ಸೇರಿ, ೧೨೫೯ರಲ್ಲಿ ಮರಾಘಾ ನಗರದಲ್ಲಿ ಖಗೋಳ ವೀಕ್ಷಣಾಲಯವನ್ನು ಕಟ್ಟಲು ತೊಡಗಿದ. ಹಂತಕರ ಗೂಡೆಂದು ಹೆಸರಾದಲ್ಲಿ ನೀತಿಗ್ರಂಥವನ್ನು ಬರೆಸಿ ಓದುವವರಿದ್ದರೆಂಬುದನ್ನು ಆಟ ಹೇಳುವುದಿಲ್ಲ. ಹೇಳಲು ಅದಕ್ಕೆ ಬಿಡುವೂ ಇಲ್ಲ.

ಸುಟ್ಟರೂ ಎಲ್ಲವೂ ಹೋಗಲಿಲ್ಲ. ಬದಖ್ಶಾನದ ಬೆಟ್ಟಗಳಲ್ಲಿ, ಸಿರಿಯಾದಲ್ಲಿ, ನಮ್ಮ ದೇಶದಲ್ಲಿ ಕೈಬರಹದ ಪುಸ್ತಕಗಳು ಮನೆಮನೆಯ ಪೆಟ್ಟಿಗೆಗಳಲ್ಲಿ ಅಡಗಿ ಉಳಿದವು. ಪಂಥವೂ ಅಳಿಯಲಿಲ್ಲ. ಅವರ ಇಮಾಮರ ಪೀಳಿಗೆಯ ಆಗಾ ಖಾನ್ ಹತ್ತೊಂಬತ್ತನೆಯ ಶತಮಾನದಲ್ಲಿ ಪರ್ಷಿಯಾದಿಂದ ಬಂದು ಮುಂಬಯಿಯಲ್ಲಿ ನೆಲೆಸಿದರು. ಅಲ್ಲಿನ ಖೋಜಾ ವರ್ತಕರು ಯಾವ ಮತದವರೆಂಬ ವ್ಯಾಜ್ಯ ಮುಂಬಯಿ ಹೈಕೋರ್ಟಿಗೆ ಹೋದಾಗ, ೧೮೬೬ರಲ್ಲಿ ನ್ಯಾಯಾಧೀಶ ಆರ್ನಾಲ್ಡರು ಅಲಮೂತಿನ ಇತಿಹಾಸವನ್ನೆಲ್ಲ ಜಾಲಾಡಿ, ಇವರು ಆ ನಿಜಾರಿಗಳ ಮತದವರೇ ಎಂದು ತೀರ್ಪು ಬರೆದರು. ರಷ್ಯದ ವಿದ್ವಾಂಸ ವ್ಲಾಡಿಮಿರ್ ಇವಾನೋವ್ ಮುಂಬಯಿಯಲ್ಲಿ ಕುಳಿತು ಈ ಕೈಬರಹಗಳನ್ನು ಶೋಧಿಸಿ ಪ್ರಕಟಿಸುತ್ತ ಹೋದರು. ೧೯೪೬ರಲ್ಲಿ ಆ ಕೆಲಸಕ್ಕೆಂದೇ ಅಲ್ಲಿ ಇಸ್ಮಾಯಿಲಿ ಸೊಸೈಟಿ ಸ್ಥಾಪನೆಯಾಯಿತು. ಏಳುನೂರು ವರ್ಷ ಹಗೆಗಳ ಬಾಯಲ್ಲಿದ್ದ ಚರಿತ್ರೆಗೆ ತನ್ನ ಬಾಯಿ ಬಂದದ್ದು ಹೀಗೆ. ಅದರಲ್ಲಿ ನಮ್ಮ ಮುಂಬಯಿಗೂ ಪಾಲುಂಟು.

ನಿಜಾರಿಗಳನ್ನು ದೇವತೆಗಳೆಂದು ಹೇಳುವುದು ನನ್ನ ಉದ್ದೇಶವಲ್ಲ. ಅವರು ಕೊಂದದ್ದು ನಿಜ. ರಿಚರ್ಡ್ ಒಂದು ಮಧ್ಯಾಹ್ನದಲ್ಲಿ ೨,೬೦೦ ಮಂದಿಯನ್ನು ಕೊಲ್ಲಿಸಿ ಸಿಂಹಹೃದಯನೆಂಬ ಬಿರುದನ್ನು ಉಳಿಸಿಕೊಂಡ. ಇವರು ಒಬ್ಬೊಬ್ಬರನ್ನೇ ಕೊಂದು, ಕೊಲೆಗೇ ಯೂರೋಪಿನ ಭಾಷೆಗಳಲ್ಲಿ ತಮ್ಮ ಹೆಸರನ್ನು ತೆತ್ತರು. ಬಿರುದು ಯಾರಿಗೆ, ಬೈಗುಳ ಯಾರಿಗೆ ಎಂಬುದನ್ನು ಸತ್ತವರ ಸಂಖ್ಯೆ ತೀರ್ಮಾನಿಸಲಿಲ್ಲ. ಯಾರ ಪುಸ್ತಕ ಉಳಿಯಿತೆಂಬುದು ತೀರ್ಮಾನಿಸಿತು. ಆಟ ಆ ಬೈಗುಳವನ್ನೇ ವೀರನ ಕಿರೀಟವಾಗಿಸಿ ಲಕ್ಷಾಂತರ ಹುಡುಗರಿಗೆ ತೊಡಿಸಿತು. ಅದೊಂದು ಬಗೆಯ ಉಪಕಾರವೇ ಇರಬಹುದು. ಆದರೆ ಅವರು ಯಾವುದಕ್ಕಾಗಿ ಸತ್ತರೋ ಆ ಮತವನ್ನೂ ಇಮಾಮನನ್ನೂ ಪ್ರಾರ್ಥನೆಯನ್ನೂ ಕಿತ್ತುಹಾಕಿ ಬರಿಯ ಬಿಳಿಯ ಅಂಗಿಯನ್ನು ಉಳಿಸಿಕೊಂಡಿತು.

ರಜೆ ಮುಗಿದು ಹುಡುಗ ಹೊರಡುವ ದಿನ ಬಸ್ ನಿಲ್ದಾಣದಲ್ಲಿ ಕೇಳಿದ: “ಅಸ್ಯಾಸಿನ್ ಅನ್ನೋದು ಬೈಗುಳವಾದರೆ, ಅವರು ತಮ್ಮನ್ನು ಏನಂತ ಕರೆದುಕೊಳ್ತಿದ್ದರು, ಮಾವ?”

“‘ದಾವಾ’ ಅನ್ನುತ್ತಿದ್ದರು. ಹಾಗೆಂದರೆ ಕರೆ, ಆಹ್ವಾನ,” ಎಂದೆ.

ಬಸ್ಸು ಬಂದಿತು. ಕಿಟಕಿಯ ಪಕ್ಕ ಕುಳಿತ ಹುಡುಗ ಫೋನಿನಲ್ಲಿ ಏನೋ ಹುಡುಕುತ್ತಿದ್ದ. ಆಟವನ್ನೋ, ಆ ಮಾತನ್ನೋ, ನಾನು ಕೇಳಲಿಲ್ಲ.